ಬರೀ ಕಲ್ಲು ನೋಡಿ ಅವರ ಬದುಕು ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ನಮ್ಮೂರು ಸುರಪುರ ತಾಲ್ಲೂಕಿನಲ್ಲಿದೆ. ನಾನು ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಹೋದ ತಿಂಗಳು ನಮ್ಮ ಹೊಲದ ಬದುವಿನಲ್ಲಿ ಅಂಗೈಯಷ್ಟು ಅಗಲದ, ಎಲೆಯ ಆಕಾರದ ಒಂದು ಕಲ್ಲು ಸಿಕ್ಕಿತು. ಲಕ್ಷಾಂತರ ವರ್ಷ ಹಿಂದಿನ ಬೇಟೆಗಾರರ ಕೈಗೊಡಲಿ ಇರಬಹುದು ಅಂತ ನಮ್ಮ ಮೇಷ್ಟ್ರು ಹೇಳಿದರು. ತಂದು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಪುಸ್ತಕಗಳಲ್ಲಿ 'ಅವರು ಸಣ್ಣ ಗುಂಪುಗಳಲ್ಲಿ ಅಲೆಯುತ್ತಿದ್ದರು, ಗಂಡಸರು ಬೇಟೆಯಾಡುತ್ತಿದ್ದರು, ಹೆಂಗಸರು ಗೆಡ್ಡೆ ಗೆಣಸು ಆರಿಸುತ್ತಿದ್ದರು' ಅಂತ ಬರೆದಿರುತ್ತಾರೆ. ಬರವಣಿಗೆಯೇ ಇಲ್ಲದ ಕಾಲದ ಜನರ ಬಗ್ಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ? ಸುಮ್ನೆ ಊಹೆ ಅಲ್ವಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅದರಲ್ಲೂ ಆ ಕೊನೆಯ ಸಾಲು. ಆ ಅನುಮಾನ ಇರುವವರೇ ನಮ್ಮ ಪುರಾತತ್ವದ ಕೆಲಸಕ್ಕೆ ಬೇಕು. ಆದರೆ ಕಲ್ಲನ್ನು ಮನೆಗೆ ತಂದಿದ್ದೀರಿ ಅಂತ ಓದಿ ಸ್ವಲ್ಪ ಬೇಜಾರಾಯಿತು. ಯಾಕೆ ಅಂತ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಮದುವೆ ಮನೆ ನೆನೆಸಿಕೊಳ್ಳಿ. ಮದುವೆ ಮುಗಿದ ಮರುದಿನ ಬೆಳಿಗ್ಗೆ, ಇನ್ನೂ ಯಾರೂ ಕಸ ಗುಡಿಸಿಲ್ಲ. ನೀವು ಹಂದರದ ಕೆಳಗೆ ಹೋಗಿ ನಿಲ್ಲುತ್ತೀರಿ. ಒಂದು ಮೂಲೆಯಲ್ಲಿ ಮಸಿ ಹಿಡಿದ ಮೂರು ಕಲ್ಲು, ಬೂದಿ. ಪಕ್ಕದಲ್ಲೇ ಈರುಳ್ಳಿ ಸಿಪ್ಪೆಯ ರಾಶಿ. ಹಿತ್ತಲಲ್ಲಿ ಉಂಡ ಎಲೆಗಳು. ಕಟ್ಟೆಯ ಸುತ್ತ ಎಲೆ ಅಡಿಕೆ ಉಗಿದ ಕಲೆ, ಬೀಡಿ ತುಂಡು. ಅಲ್ಲಿದ್ದವರು ಒಬ್ಬರೂ ಇಲ್ಲದಿದ್ದರೂ ಎಲ್ಲಿ ಅಡುಗೆ ಆಯಿತು, ಎಲ್ಲಿ ಊಟ ಆಯಿತು, ಹಿರಿಯರು ಎಲ್ಲಿ ಕೂತು ಹರಟೆ ಹೊಡೆದರು ಅಂತ ನೀವು ಹೇಳಬಲ್ಲಿರಿ. ಎಷ್ಟು ಜನ ಉಂಡರು ಅಂತಲೂ ಎಲೆ ಎಣಿಸಿ ಹೇಳಬಹುದು. ಈಗ ಯಾರೋ ಆ ಅಂಗಳದಿಂದ ಒಂದು ಸೌಟನ್ನು ಮಾತ್ರ ಎತ್ತಿ ತಂದು ನನ್ನ ಕೈಗಿಟ್ಟರೆ? 'ಇದು ಸೌಟು' ಅಂತ ಹೇಳಬಹುದು. ಅದರಾಚೆ ಏನೂ ಹೇಳಲಾಗುವುದಿಲ್ಲ.

ನಿಮ್ಮ ಮನೆಯಲ್ಲಿರುವ ಕಲ್ಲು ಈಗ ಆ ಸೌಟು. ಅದು ಎಲ್ಲಿ ಬಿದ್ದಿತ್ತು, ಯಾವ ಮಣ್ಣಿನ ಪದರದಲ್ಲಿ, ಪಕ್ಕದಲ್ಲಿ ಏನಿತ್ತು ಅನ್ನುವುದೇ ಬದುಕಿನ ಕಥೆ. ನಮ್ಮ ಕೆಲಸ ಮುಕ್ಕಾಲು ಪಾಲು ಇದೇ. ದಾರ ಕಟ್ಟಿ ನೆಲವನ್ನು ಒಂದೊಂದು ಮೀಟರಿನ ಚೌಕ ಮಾಡುತ್ತೇವೆ. ಕರಣಿಯಿಂದ ಮಣ್ಣು ಕೆರೆಯುತ್ತೇವೆ. ಸಿಕ್ಕಿದ್ದನ್ನು ತಕ್ಷಣ ಎತ್ತುವುದಿಲ್ಲ. ಮೊದಲು ಅಳತೆ, ಚಿತ್ರ, ಫೋಟೋ. ತೆಗೆದ ಮಣ್ಣನ್ನು ಜರಡಿ ಹಿಡಿಯುತ್ತೇವೆ. ಉಗುರಿನಷ್ಟು ಚಿಕ್ಕ ಚಕ್ಕೆ, ಇಲಿಯ ಹಲ್ಲು, ಸುಟ್ಟ ಬೀಜ, ಯಾವುದೂ ಜಾರಿ ಹೋಗಬಾರದು.

ನಿಮ್ಮ ಊರಿನ ಪಕ್ಕದ ಉದಾಹರಣೆಯೇ ಕೊಡುತ್ತೇನೆ. ಯಾದಗಿರಿ ಜಿಲ್ಲೆಯ ಇಸಾಂಪುರದ ಹೆಸರು ನೀವು ಕೇಳಿಯೇ ಇರುತ್ತೀರಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ 1970ರ ದಶಕದಿಂದ ಹೊಲ ಹೊಲ ನಡೆದು ಹುಡುಕಿದರು. ಹಳೆ ಶಿಲಾಯುಗದ ನೂರಾರು ನೆಲೆಗಳು ಅಲ್ಲಿ ಸಿಕ್ಕಿವೆ. ಅವುಗಳಲ್ಲಿ ಇಸಾಂಪುರವನ್ನು 1997ರಿಂದ ಕೆಲವು ವರ್ಷ ಅಗೆದರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಎನಾಮೆಲ್ (ಹಲ್ಲಿನ ಮೇಲಿನ ಗಟ್ಟಿ ಹೊದಿಕೆ) ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ನೆಲದ ವಿಕಿರಣ ಹಲ್ಲಿನಲ್ಲಿ ಎಷ್ಟು ಕೂಡಿಕೊಂಡಿದೆ ಅಂತ ಅಳೆಯುವ ವಿಧಾನ ಅದು. ಅಷ್ಟು ಹಿಂದೆ ಅಲ್ಲಿದ್ದವರು ನಮ್ಮ ಹಾಗಿನ ಮನುಷ್ಯರಲ್ಲ, ನಮಗಿಂತ ಹಿಂದಿನ ಮಾನವ ಪ್ರಭೇದ. ಅವರ ಮೂಳೆ ಅಲ್ಲಿ ಸಿಕ್ಕಿಲ್ಲ. ಸಿಕ್ಕಿದ್ದು ಅವರ ಕೆಲಸದ ಜಾಗ.

ನಿಮ್ಮ ಕಡೆ ಮನೆಗೆ ಪರಸಿ ಹಾಸುತ್ತಾರಲ್ಲ, ಅದೇ ಬಗೆಯ ಸುಣ್ಣಕಲ್ಲು ಇಸಾಂಪುರದಲ್ಲಿ ಚಪ್ಪಡಿ ಚಪ್ಪಡಿಯಾಗಿ ನೆಲದ ಮೇಲೇ ಎದ್ದು ನಿಂತಿತ್ತು. ಅಗೆದಾಗ ಕಂಡಿದ್ದು ಒಂದು ಕಾರ್ಖಾನೆಯೇ. ಎತ್ತಿ ಒಂದೆರಡು ಏಟು ಹಾಕಿ ಬಿಟ್ಟ ಚಪ್ಪಡಿ. ಅರ್ಧ ಆದ ಕೊಡಲಿ. ಮುಗಿದ ಕೊಡಲಿ. ಸುತ್ತ ಸಾವಿರಾರು ಚಕ್ಕೆ. ಜೊತೆಗೆ ಹೊಡೆಯಲು ಬಳಸಿದ ದುಂಡು ಕಲ್ಲುಗಳು, ದೊಡ್ಡದು, ಸಣ್ಣದು ಎರಡೂ. ಈ ಹೊಡೆಗಲ್ಲುಗಳು ಸುಣ್ಣಕಲ್ಲಿನವಲ್ಲ, ಬೇರೆ ಗಟ್ಟಿ ಜಾತಿಯವು. ಅಂದರೆ ಅವನ್ನು ಬೇರೆ ಕಡೆ ಆರಿಸಿ ಹೊತ್ತು ತಂದಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಕೈಯಲ್ಲಿ ಹೊಡೆಗಲ್ಲು ಹಿಡಿದು ನಡೆಯುತ್ತಿರುವವನಿಗೆ ಮುಂದೆ ಎಲ್ಲಿ ಹೋಗುತ್ತೇನೆ, ಅಲ್ಲಿ ಎಂಥ ಕಲ್ಲಿದೆ, ಏನು ಮಾಡಬೇಕು ಅಂತ ಗೊತ್ತಿತ್ತು. ಒಂದು ದುಂಡು ಕಲ್ಲು ತನ್ನ ಜಾಗ ಬಿಟ್ಟು ಬೇರೆ ಜಾಗದಲ್ಲಿ ಬಿದ್ದಿದ್ದರಿಂದ 12 ಲಕ್ಷ ವರ್ಷ ಹಿಂದಿನ ಒಂದು ಯೋಜನೆ ನಮಗೆ ಕಾಣುತ್ತದೆ. ನನಗೆ ಈಗಲೂ ಇದು ಮೈ ಜುಮ್ಮೆನ್ನಿಸುವ ವಿಷಯ.

ಅಲ್ಲಿನ ಚಪ್ಪಡಿಯನ್ನೇ ತಗೊಂಡು ಸಂಶೋಧಕರು ಕೊಡಲಿ ಮಾಡಿ ನೋಡಿದ್ದಾರೆ. ಯಾವ ಏಟಿಗೆ ಎಂಥ ಚಕ್ಕೆ ಏಳುತ್ತದೆ ಅಂತ ಹೋಲಿಸಿ, ಹಳಬರು ಯಾವ ಕ್ರಮದಲ್ಲಿ ಕೆಲಸ ಮಾಡಿದರು ಅಂತ ಬಿಡಿಸಿದ್ದಾರೆ. ನೀವೂ ಪ್ರಯತ್ನಿಸಿ, ಬೇಕಾದರೆ. ಹೊಸ ಕಲ್ಲಿನ ಮೇಲೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಅಂಚಿನಿಂದ ಸ್ವಲ್ಪ ಒಳಗೆ, ಓರೆಯಾಗಿ ಏಟು ಬೀಳಬೇಕು. ಒಳ್ಳೆ ಕಲ್ಲು 'ಟಣ್' ಅನ್ನುತ್ತದೆ, ಒಳಗೆ ಬಿರುಕಿರುವ ಕಲ್ಲು 'ಡಬ್' ಅನ್ನುತ್ತದೆ. ಹತ್ತು ಏಟು ಹಾಕುವಷ್ಟರಲ್ಲಿ ಇದು ಒರಟು ಕೆಲಸ ಅಲ್ಲ ಅಂತ ನಿಮ್ಮ ಕೈಗೇ ಗೊತ್ತಾಗುತ್ತದೆ. ಇದನ್ನು ಯಾರೋ ಯಾರಿಗೋ ಪಕ್ಕ ಕೂರಿಸಿಕೊಂಡು ಕಲಿಸಿರಬೇಕು.

ಇನ್ನು 'ಅಲೆಯುತ್ತಿದ್ದರು' ಅನ್ನುವ ಮಾತು. ಅಲೆಯುವುದು ಅಂದರೆ ಗೊತ್ತುಗುರಿ ಇಲ್ಲದೆ ತಿರುಗುವುದು ಅಂತ ನಮಗೆ ಅನ್ನಿಸುತ್ತದೆ. ಪದ್ದಯ್ಯನವರು ಹೇಳಿದ್ದು ಬೇರೆ. ಕಣಿವೆಯ ನಕ್ಷೆಯ ಮೇಲೆ ನೆಲೆಗಳನ್ನು ಗುರುತು ಹಾಕಿದಾಗ ಅವು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಬೇಸಿಗೆಯಲ್ಲೂ ಬತ್ತದ ಒರತೆಗಳ ಹತ್ತಿರ ದೊಡ್ಡ ನೆಲೆಗಳು ಒತ್ತಾಗಿದ್ದವು. ಉಳಿದ ಕಡೆ ಸಣ್ಣ ಸಣ್ಣವು ಚದುರಿದ್ದವು. ನಿಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಎಲ್ಲ ಹಳ್ಳದಲ್ಲೂ ನೀರು, ಎಲ್ಲ ಕಡೆ ಹಸಿರು, ಕಾಯಿ, ಸೊಪ್ಪು. ಆಗ ಚದುರಬಹುದು. ಬೇಸಿಗೆ ಬಂದರೆ ನೀರಿರುವ ಕಡೆ ಸೇರಲೇಬೇಕು. ಅಲ್ಲಿಗೆ ನೀರು ಕುಡಿಯಲು ಪ್ರಾಣಿಗಳೂ ಬರುತ್ತವೆ. ಹೀಗೆ ವರ್ಷಕ್ಕೊಮ್ಮೆ ಸೇರುವುದು, ಚದುರುವುದು ಇತ್ತು ಅಂತ ಅವರ ವಾದ. ಇದು ವಾದವೇ, ಕಣ್ಣಾರೆ ಕಂಡದ್ದಲ್ಲ. ಆದರೆ ಬಾಯಿಗೆ ಬಂದದ್ದೂ ಅಲ್ಲ. ನಕ್ಷೆ, ನೀರು, ಮಳೆ ಮೂರನ್ನೂ ಇಟ್ಟುಕೊಂಡು ಕಟ್ಟಿದ್ದು. ನಾಳೆ ಯಾರಾದರೂ ಬೇರೆ ಸಾಕ್ಷಿ ತಂದು ಅದನ್ನು ಅಲ್ಲಾಡಿಸಬಹುದು.

ಹಾಗೆ ಅಲ್ಲಾಡಿಸಿದ ಒಂದು ಪ್ರಸಂಗ ಹೇಳಲೇಬೇಕು. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಸ್ಟಾರ್ ಕಾರ್ ಅಂತ ಒಂದು ನೆಲೆ ಇದೆ. ಸುಮಾರು 11,000 ವರ್ಷ ಹಿಂದೆ ಅದು ಒಂದು ಕೆರೆಯ ದಂಡೆ. ಗ್ರಹಾಂ ಕ್ಲಾರ್ಕ್ ಅನ್ನುವ ಪಂಡಿತರು 1949ರಿಂದ 1951ರವರೆಗೆ ಅಗೆದರು. ಜೌಗಿನಲ್ಲಿ ಮರ, ಮೂಳೆ ಎಲ್ಲ ಕೊಳೆಯದೆ ಉಳಿದಿದ್ದವು. ಕಡವೆಯಂಥ ದೊಡ್ಡ ಜಿಂಕೆಯ ತಲೆಬುರುಡೆಯನ್ನು ಕೊಂಬಿನ ಸಮೇತ ಕೊರೆದು, ತೂತು ಮಾಡಿ, ತಲೆಗೆ ಕಟ್ಟಿಕೊಳ್ಳುವ ಹಾಗೆ ಮಾಡಿದ 21 ವಸ್ತುಗಳು ಸಿಕ್ಕವು. ಕ್ಲಾರ್ಕ್ ಕೊಂಬುಗಳನ್ನು ನೋಡಿದರು. ಆ ಜಿಂಕೆಗೆ ವರ್ಷದಲ್ಲಿ ಇಂಥ ತಿಂಗಳಲ್ಲಿ ಕೊಂಬು ಉದುರುತ್ತದೆ ಅಂತ ಲೆಕ್ಕ ಇದೆ. ಉದುರದ ಕೊಂಬು ಜಾಸ್ತಿ ಇದ್ದವು. ಹಾಗಾಗಿ ಕೆಲವೇ ಕುಟುಂಬಗಳು ಚಳಿಗಾಲದಲ್ಲಿ ಇಲ್ಲಿ ಬಂದು ತಂಗುತ್ತಿದ್ದವು ಅಂದರು. ಬಹಳ ವರ್ಷ ಎಲ್ಲರೂ ಅದನ್ನೇ ಓದಿದರು.

ಆಮೇಲೆ ಒಂದು ಪ್ರಶ್ನೆ ಎದ್ದಿತು. ಕೊಂಬು ಅವರಿಗೆ ಮಾಂಸದ ಜೊತೆ ಬಂದ ಕಸವೇ, ಇಲ್ಲ ಈಟಿಯ ಮೊನೆ ಮಾಡಲು ಕೂಡಿಟ್ಟ ಸಾಮಾನೇ? ಕೂಡಿಟ್ಟ ಸಾಮಾನಾದರೆ ಅದು ಜನ ಯಾವಾಗ ಬಂದರು ಅಂತ ಹೇಳುವುದಿಲ್ಲ. ನಮ್ಮ ಅಟ್ಟದ ಮೇಲಿರುವ ಹುಣಸೆಹಣ್ಣು ನೋಡಿ ಇದು ಯಾವ ತಿಂಗಳು ಅಂತ ಹೇಳಲಾಗುತ್ತದೆಯೇ? 1980ರ ದಶಕದಲ್ಲಿ ಇಬ್ಬರು ಸಂಶೋಧಕರು ಕೊಂಬು ಬಿಟ್ಟು ಮರಿಗಳ ದವಡೆ ಹಿಡಿದರು. ಅಲ್ಲಿ ರೋ ಅನ್ನುವ ಚಿಕ್ಕ ಜಿಂಕೆ ಬೇಸಿಗೆಯ ಶುರುವಿನಲ್ಲಿ ಮರಿ ಹಾಕುತ್ತದೆ. ಮರಿಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಯಾವ ತಿಂಗಳಲ್ಲಿ ಎಷ್ಟು ಮೇಲೆ ಬರುತ್ತದೆ ಅಂತ ಗೊತ್ತಿದೆ. ದವಡೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಕೊಂದದ್ದು ಹೆಚ್ಚಾಗಿ ಬೇಸಿಗೆಯ ಶುರುವಿನಲ್ಲಿ. ಚಳಿಗಾಲದ ಕಥೆ ತಲೆಕೆಳಗಾಯಿತು. ಮುಂದೆ 2004ರಿಂದ 2015ರವರೆಗೆ ಮತ್ತೆ ದೊಡ್ಡದಾಗಿ ಅಗೆದಾಗ ಮನೆಯ ಕಂಬ ನೆಟ್ಟ ಗುಂಡಿಗಳು, ದಂಡೆಯಲ್ಲಿ ಮರ ಹಾಸಿ ಕಟ್ಟಿದ ಜಗಲಿಗಳು ಸಿಕ್ಕವು. ಜನ ಅಲ್ಲಿಗೆ ಸುಮಾರು 800 ವರ್ಷ ಮತ್ತೆ ಮತ್ತೆ ಬಂದಿದ್ದರು. 'ಕೆಲವೇ ಕುಟುಂಬ' ಅನ್ನುವುದೂ ಉಳಿಯಲಿಲ್ಲ.

ನೀವು ಕೇಳಿದ 'ಸುಮ್ನೆ ಊಹೆ ಅಲ್ವಾ' ಅನ್ನುವುದಕ್ಕೆ ನನ್ನ ಉತ್ತರ ಇದು. ಶುರುವಾಗುವುದು ಊಹೆಯಿಂದಲೇ. ಆದರೆ ತಪ್ಪು ಅಂತ ಇನ್ನೊಬ್ಬರು ತೋರಿಸಲು ಸಾಧ್ಯ ಇರುವ ಹಾಗೆ ಅದನ್ನು ಹೇಳಿರುತ್ತೇವೆ. ಕ್ಲಾರ್ಕ್ ತಪ್ಪಿದರು ಅಂತ ನಾನು ಅವರನ್ನು ಕಡಿಮೆ ಮಾಡುತ್ತಿಲ್ಲ. ಸಿಕ್ಕಿದ್ದನ್ನೆಲ್ಲ ಎತ್ತಿಟ್ಟು, ಬರೆದಿಟ್ಟಿದ್ದರಿಂದಲೇ ಮೂವತ್ತು ನಲವತ್ತು ವರ್ಷದ ಮೇಲೆ ಬೇರೆಯವರು ಅದನ್ನೇ ಇಟ್ಟುಕೊಂಡು ಸರಿಪಡಿಸಲು ಆಯಿತು.

ಒಂದು ಗುಡಿಸಲಿನ ಒಳಗೆ ಹೋಗಿ ಬರೋಣ. ಇಸ್ರೇಲಿನ ಗಲಿಲೀ ಸರೋವರದಲ್ಲಿ 1989ರಲ್ಲಿ ಬರ ಬಂದು ನೀರು ಇಳಿಯಿತು. ದಂಡೆಯಲ್ಲಿ ಒಹಾಲೋ ಅನ್ನುವ ಕಡೆ ಸುಮಾರು 23,000 ವರ್ಷ ಹಿಂದಿನ ಗುಡಿಸಲುಗಳ ನೆಲ ಮೇಲೆದ್ದಿತು. ಕೊಂಬೆ, ಹುಲ್ಲಿನಲ್ಲಿ ಕಟ್ಟಿದ ಸಣ್ಣ ಗುಡಿಸಲುಗಳು. ಸುಟ್ಟುಹೋದವು, ಮೇಲೆ ನೀರು ಬಂದು ಮುಚ್ಚಿತು, ಗಾಳಿ ತಾಗಲಿಲ್ಲ. ಹಾಗಾಗಿ ಬೀಜ, ಹುಲ್ಲು ಎಲ್ಲ ಉಳಿದವು. ನೂರಕ್ಕೂ ಹೆಚ್ಚು ಬಗೆಯ ಗಿಡಗಳ ಬೀಜ, ಕಾಯಿ ಎಣಿಸಿದ್ದಾರೆ. ಒಂದು ಗುಡಿಸಲಿನಲ್ಲಿ ಒಂದು ಚಪ್ಪಟೆ ಕಲ್ಲು ನೆಲಕ್ಕೆ ಹೂತಿತ್ತು. ಅದರ ರಂಧ್ರಗಳಲ್ಲಿ ಕಾಡು ಬಾರ್ಲಿಯ ಹಿಟ್ಟಿನ ಕಣ ಸಿಕ್ಕಿತು. ಅಂದರೆ ಅದು ಅರೆಯುವ ಕಲ್ಲು. ಕಾಳುಗಳು ಆ ಕಲ್ಲಿನ ಸುತ್ತ ಒತ್ತಾಗಿ ಬಿದ್ದಿದ್ದವು. ಚಕಮಕಿ ಕಲ್ಲಿನ ಚಕ್ಕೆಗಳು ಎದುರು ಬದಿಗೆ, ಬಾಗಿಲ ಹತ್ತಿರ ಇದ್ದವು. ಬಾಗಿಲ ಹತ್ತಿರ ಯಾಕೆ? ಬೆಳಕಿಗೆ. ನಮ್ಮ ಅಜ್ಜಿಯರು ಅಕ್ಕಿ ಆರಿಸಲು ಹೊಸ್ತಿಲ ಹತ್ತಿರ ಕೂರುತ್ತಿದ್ದರಲ್ಲ, ಹಾಗೆ. ಇನ್ನೊಂದು ಕಡೆ ನೆಲಕ್ಕೆ ಹುಲ್ಲು ಹಾಸಿದ್ದು ಹಾಸಿದ ಹಾಗೇ ಇತ್ತು. ನಡುವೆ ಒಲೆ, ಸುತ್ತ ಹುಲ್ಲು ಹಾಸು. ಇಲ್ಲಿ ಮಲಗಿದರು, ಅಲ್ಲಿ ಅರೆದರು, ಅಲ್ಲಿ ಕೂತು ಕಲ್ಲು ಒಡೆದರು. ಬರವಣಿಗೆ ಇದ್ದ ಎಷ್ಟೋ ರಾಜರ ಮನೆಯ ಬಗ್ಗೆ ನಮಗೆ ಇಷ್ಟು ಗೊತ್ತಿಲ್ಲ.

ಮಾಂಸದ ವಿಷಯ ಚಿಕ್ಕದಾಗಿ. ಮೂಳೆಯ ಮೇಲೆ ಕಲ್ಲಿನ ಅಲಗಿನ ಗೀರು ಒಂದು ಥರ, ಪ್ರಾಣಿಯ ಹಲ್ಲಿನ ಗುರುತು ಇನ್ನೊಂದು ಥರ. ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಕಾಣುತ್ತವೆ. ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ಸುಮಾರು 5 ಲಕ್ಷ ವರ್ಷ ಹಿಂದಿನ ಮೂಳೆಗಳಲ್ಲಿ ಗೀರು ಕೆಳಗೆ, ಹಲ್ಲಿನ ಗುರುತು ಅದರ ಮೇಲೆ. ಅಂದರೆ ಮನುಷ್ಯರು ಮೊದಲು ತಿಂದರು, ಮೃಗಗಳು ಆಮೇಲೆ ಬಂದವು. ಒಂದು ಗುರುತು ಇನ್ನೊಂದರ ಮೇಲಿದೆಯೋ ಕೆಳಗಿದೆಯೋ ಅನ್ನುವುದರಿಂದ ಇವರು ಬರೀ ಅಳಿದುಳಿದದ್ದು ತಿನ್ನುತ್ತಿರಲಿಲ್ಲ ಅಂತ ಗೊತ್ತಾಯಿತು.

ಜನರ ಅಸ್ಥಿಯೇ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯ ಸರಾಯ್ ನಾಹರ್ ರಾಯ್, ಮಹದಹಾ, ದಮದಮಾ ಈ ಮೂರು ಕಡೆ ನಡು ಶಿಲಾಯುಗದ ಸಮಾಧಿಗಳನ್ನು ಅಲಹಾಬಾದ್ ವಿಶ್ವವಿದ್ಯಾಲಯದವರು ಅಗೆದಿದ್ದಾರೆ. ಆ ಜನ ಎತ್ತರದವರು, ಗಟ್ಟಿಮುಟ್ಟಾದ ಮೈಯವರು. ಹಲ್ಲು ಚೆನ್ನಾಗಿ ಸವೆದಿವೆ, ಆದರೆ ಹುಳುಕು ಬಹಳ ಕಡಿಮೆ. ಮೆತ್ತಗೆ ಬೇಯಿಸಿದ ಕಾಳು, ಗಂಜಿ ತಿನ್ನುವ ರೈತರ ಹಲ್ಲಿನಲ್ಲಿ ಹುಳುಕು ಜಾಸ್ತಿ ಆಗುತ್ತದೆ. ಇವರು ತಿಂದದ್ದು ಒರಟು ಆಹಾರ ಅಂತ ಹಲ್ಲೇ ಹೇಳುತ್ತದೆ. ಹಲ್ಲಿನ ಎನಾಮೆಲ್ ಚಿಕ್ಕಂದಿನಲ್ಲಿ ಆಗುವುದು, ಆಮೇಲೆ ಬದಲಾಗುವುದಿಲ್ಲ. ಕುಡಿದ ನೀರು, ತಿಂದ ಆಹಾರದ ಮೂಲಕ ಆ ನೆಲದ ಸ್ಟ್ರಾನ್ಷಿಯಂ ಅನ್ನುವ ಧಾತು ಅದರಲ್ಲಿ ಸೇರಿರುತ್ತದೆ. ಅದನ್ನು ಅಳೆದರೆ ಸತ್ತ ಊರಿನಲ್ಲೇ ಬೆಳೆದವರೋ, ಬೇರೆ ಕಡೆಯಿಂದ ಬಂದವರೋ ತಿಳಿಯುತ್ತದೆ.

ಈಗ ಗಂಡಸರು ಬೇಟೆ, ಹೆಂಗಸರು ಗೆಣಸು ಅನ್ನುವ ಮಾತಿಗೆ ಬರೋಣ. ನೇರವಾಗಿ ಹೇಳುತ್ತೇನೆ: ಆ ವಾಕ್ಯವನ್ನು ಅಷ್ಟು ಧೈರ್ಯವಾಗಿ ಪುಸ್ತಕದಲ್ಲಿ ಬರೆಯಬಾರದು. ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ ವಿಲಾಮಾಯಾ ಪಾಟ್ಕ್ಷಾ ಅನ್ನುವ ಕಡೆ 2018ರಲ್ಲಿ ಸುಮಾರು 9,000 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿತು. ತೊಡೆಯ ಪಕ್ಕದಲ್ಲಿ ಒಂದು ಚೀಲದಲ್ಲಿ ತುಂಬಿಟ್ಟ ಹಾಗೆ ಒತ್ತಾಗಿ ಈಟಿಯ ಮೊನೆಗಳು, ಚಾಕು, ಚರ್ಮ ಕೆರೆಯುವ ಕಲ್ಲುಗಳು, ಕೆಂಪು ಕಾವಿ. ಯಾರೋ ದೊಡ್ಡ ಬೇಟೆಗಾರ ಅಂದುಕೊಂಡರು. ಎಲುಬು ನೋಡಿದಾಗ ಅನುಮಾನ ಬಂತು. ಹೆಣ್ಣೋ ಗಂಡೋ ತಿಳಿಯಲು ಹಲ್ಲಿನ ಎನಾಮೆಲ್‌ನ ಪ್ರೋಟೀನ್ ಪರೀಕ್ಷೆ ಮಾಡಿದರು. 17-19 ವರ್ಷದ ಹುಡುಗಿ. ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಒಂದು ಸಮಾಧಿಯಿಂದ ಇಡೀ ಲೋಕದ ಹೆಂಗಸರ ಬಗ್ಗೆ ಹೇಳಲಾಗದು, ಅದು ನಿಜ. ಆದರೆ ಈಟಿ ಕಂಡ ಕೂಡಲೇ ಗಂಡಸು ಅಂದುಕೊಳ್ಳುವುದು ನಮ್ಮ ಅಭ್ಯಾಸ, ನೆಲದ ಸಾಕ್ಷಿ ಅಲ್ಲ.

ಆ ವಾಕ್ಯ ಬಂದದ್ದಾದರೂ ಎಲ್ಲಿಂದ? ಹೆಚ್ಚಾಗಿ ಇವತ್ತಿನ ಬೇಟೆ-ಸಂಗ್ರಹದ ಜನರನ್ನು ನೋಡಿ. ಹಾಗೆ ನೋಡುವುದರಲ್ಲಿ ಉಪಯೋಗ ಇದೆ. ಲೂಯಿಸ್ ಬಿನ್‌ಫರ್ಡ್ ಅನ್ನುವ ಪುರಾತತ್ವಜ್ಞರು ಅಲಾಸ್ಕಾದ ನುನಾಮಿಯುತ್ ಬೇಟೆಗಾರರ ಜೊತೆ ಇದ್ದು, ಅವರು ಬೆಂಕಿಯ ಸುತ್ತ ಕೂತು ತಿಂದು ಎದ್ದ ಮೇಲೆ ನೆಲ ನೋಡಿದರು. ಮೂಳೆಯ ಚೂರು ಕಾಲ ಬುಡದಲ್ಲಿ ಉದುರಿರುತ್ತದೆ. ದೊಡ್ಡ ಮೂಳೆ ಬೆನ್ನ ಹಿಂದೆ ಎಸೆದಿರುತ್ತಾರೆ. ಹಳೆಯ ಒಲೆಗಳ ಸುತ್ತ ಇದೇ ಎರಡು ಬಳೆಯಂಥ ಸುತ್ತು ಕಂಡರೆ ಜನ ಎಲ್ಲಿ ಕೂತಿದ್ದರು ಅಂತ ಹೇಳಬಹುದು. ಇಷ್ಟಕ್ಕೆ ಸರಿ. ಆದರೆ ನಾಗರಹೊಳೆ ಕಡೆಯ ಜೇನುಕುರುಬರನ್ನು ತೋರಿಸಿ 'ಶಿಲಾಯುಗದವರು ಹೀಗೇ ಇದ್ದರು' ಅಂದರೆ ನನಗೆ ಸಿಟ್ಟು ಬರುತ್ತದೆ. ಅವರು ನಮ್ಮ ಕಾಲದ ಜನ. ಅವರಿಗೂ ಅಷ್ಟೇ ಉದ್ದದ ಇತಿಹಾಸ ಇದೆ. ಸಂತೆ, ಅರಣ್ಯ ಇಲಾಖೆ, ಒಕ್ಕಲೆಬ್ಬಿಸಿದ ನೋವು ಎಲ್ಲ ಅದರಲ್ಲಿದೆ. ಅವರಿಂದ ಕಲಿಯಬೇಕಾದ್ದು ಬೇರೆ. ಜೇನು ಇಳಿಸುವವರು ಹೊಗೆ, ಬಳ್ಳಿಯ ಏಣಿ, ಬುಟ್ಟಿ ಬಳಸುತ್ತಾರೆ. ಸಾವಿರ ವರ್ಷ ಆದ ಮೇಲೆ ಅದರಲ್ಲಿ ಏನು ಉಳಿಯುತ್ತದೆ? ಏನೂ ಇಲ್ಲ. ನಮಗೆ ಕಲ್ಲು ಸಿಗುತ್ತದೆ ಅಂತ ಅದನ್ನು ಶಿಲಾಯುಗ ಅಂದೆವು. ಅವರ ಕೈಯಲ್ಲಿ ಇದ್ದದ್ದು ಜಾಸ್ತಿ ಕೋಲು, ನಾರು, ತೊಗಲು, ಎಲೆ. ಜರ್ಮನಿಯ ಷೋನಿಂಗೆನ್‌ನಲ್ಲಿ ಲಕ್ಷಾಂತರ ವರ್ಷ ಹಿಂದಿನ ಮರದ ಈಟಿಗಳು ಕೆಸರಿನಲ್ಲಿ ಉಳಿದು ಸಿಕ್ಕಿವೆ. ಅಂಥದ್ದು ಅಪರೂಪ.

ಈಗ ನಿಮ್ಮ ಕಲ್ಲು. ಹಗಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಎರಡೂ ಮುಖದಲ್ಲಿ ಅಂಚಿನಿಂದ ಒಳಕ್ಕೆ ಚಕ್ಕೆ ಎದ್ದ ಗುಳಿಗಳು ಸಾಲಾಗಿ ಇವೆಯೇ? ಗುಳಿಯ ಒಳಗೆ ನೀರಿಗೆ ಕಲ್ಲು ಹಾಕಿದಾಗ ಏಳುವಂಥ ಅಲೆ ಕಾಣುತ್ತದೆಯೇ? ಗುಳಿಯ ಬಣ್ಣ, ಉಳಿದ ಕಲ್ಲಿನ ಬಣ್ಣ ಒಂದೇ ಇದ್ದರೆ ಹಳೆಯ ಕೆಲಸ. ಗುಳಿ ಮಾತ್ರ ತಾಜಾ ಬಿಳಿ ಇದ್ದರೆ ನೇಗಿಲೋ ಟ್ರ್ಯಾಕ್ಟರೋ ತಾಗಿದ್ದು. ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ.

ಬದುವಿನಲ್ಲಿ ಯಾವ ಜಾಗ ಅಂತ ನಿಮಗೆ ಇನ್ನೂ ನೆನಪಿರುತ್ತದೆ, ಒಂದೇ ತಿಂಗಳಾಗಿದೆ. ಇವತ್ತೇ ಹೋಗಿ. ಮೊಬೈಲಿನಲ್ಲಿ ಜಾಗದ ಗುರುತು ಹಾಕಿ. ಬದು ಯಾವ ಕಡೆಯ ಮಣ್ಣಿನಿಂದ ಹಾಕಿದ್ದು ಅಂತ ಮನೆಯ ಹಿರಿಯರನ್ನು ಕೇಳಿ. ಹೊಲ ಸಮ ಮಾಡುವಾಗ ಬೇರೆ ಕಡೆಯ ಮಣ್ಣು ತಂದಿದ್ದರೆ ಕಲ್ಲಿನ ಊರು ಅದಲ್ಲ. ಅಲ್ಲೇ ಮಂಡಿಯೂರಿ ಕೂತು ಸುತ್ತ ನಾಲ್ಕು ಮಾರು ನಿಧಾನವಾಗಿ ನೋಡಿ. ಚಕ್ಕೆಗಳಿವೆಯೇ? ದುಂಡು ಕಲ್ಲು, ತುದಿ ಜಜ್ಜಿದ್ದು? ಎರೆ ಮಣ್ಣಿನ ಮೇಲಿವೆಯೋ, ಅದರ ಕೆಳಗಿನ ಪದರದಿಂದ ಇಣುಕುತ್ತಿವೆಯೋ? ಯಾವುದನ್ನೂ ಎತ್ತದೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ, ನಿಮ್ಮ ಮೇಷ್ಟ್ರ ಸಹಿಯೂ ಇರಲಿ. ಕಾಲುವೆ ಬಂದ ಮೇಲೆ ನಿಮ್ಮ ಕಣಿವೆಯಲ್ಲಿ ಗದ್ದೆ ಸಮ ಮಾಡುವ ಯಂತ್ರ ಓಡಾಡದ ಹೊಲ ಕಡಿಮೆ. ಪಕ್ಕದ ಹೊಲದವರು ಈ ವರ್ಷ ಜೆಸಿಬಿ ತರಿಸುವವರಿದ್ದರೆ ಅವರಿಗೂ ಮೊದಲೇ ಹೇಳಿ. ಚಕ್ಕೆ ಸಿಕ್ಕರೆ ಎಷ್ಟು, ಯಾವ ಅಳತೆಯವು, ಒಂದಕ್ಕೊಂದು ಎಷ್ಟು ದೂರ ಅಂತ ಬರೆದು ನನಗೆ ಕಳಿಸಿ. ಅಲ್ಲಿ ಕೊಡಲಿ ಮಾಡಿದ್ದರೋ, ಬೇರೆಲ್ಲೋ ಮಾಡಿ ತಂದು ಬಿಟ್ಟು ಹೋಗಿದ್ದರೋ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.